ಕೆಲಸಕ್ಕೆ ಮಡಚುವ ಕಟರ್ ಆರಿಸುವುದು ಹೇಗೆ: ಮೊದಲು ಬ್ಲೇಡ್, ಆಮೇಲೆ ಲಾಕ್, ಕೊನೆಗೆ ಹಿಡಿ

ಬ್ಲೇಡ್ ಬದಲಿಸುವ ಮಡಚುವ ಕಟರ್ ಕೊಂಡವರ ತಕರಾರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ನೋಡೋಕೆ ಚೆನ್ನಾಗಿತ್ತು, ಕೈಗೆ ಗಟ್ಟಿ ಅನ್ನಿಸಿತು, ಕೊಂಡರು. ಜೊತೆಗೆ ಬಂದ ಬ್ಲೇಡ್ ಮೊಂಡಾದ ಮೇಲೆ ಅಂಗಡಿಗೆ ಹೋಗಿ "ಕಟರ್ ಬ್ಲೇಡ್ ಕೊಡಿ" ಅಂದರೆ, ತುಂಡು ತುಂಡಾಗಿ ಮುರಿದು ಬಳಸುವ ಉದ್ದ ಪಟ್ಟಿಯ ಬ್ಲೇಡ್ ಕೊಡುತ್ತಾರೆ, ಅದು ಇದಕ್ಕೆ ಕೂರುವುದೇ ಇಲ್ಲ. ಇನ್ನು ಕೆಲವರ ಪಾಡು ಬೇರೆ. ಬ್ಲೇಡೇನೋ ಸಿಗುತ್ತದೆ, ಹಾಕಿದ್ದೂ ಆಯಿತು, ಆದರೆ ಒತ್ತಿ ಕತ್ತರಿಸುವಾಗ ಲಾಕ್ ಜಾರಿ ಕಟರ್ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಎರಡಕ್ಕೂ ಕಾರಣ ಒಂದೇ. ನಾವು ಹಿಡಿ ನೋಡಿ ಕೊಳ್ಳುತ್ತೇವೆ. ಬ್ಲೇಡನ್ನೂ ಲಾಕನ್ನೂ ನೋಡುವುದಿಲ್ಲ.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ಕೆಲಸ ಯಾವುದು ಅಂತ ಗೊತ್ತುಮಾಡಿಕೊಳ್ಳಿ, ಆಮೇಲೆ ಬ್ಲೇಡ್, ಆಮೇಲೆ ಲಾಕ್. ಅಳತೆ, ಹಿಡಿ, ಕ್ಲಿಪ್, ಬಣ್ಣ ಎಲ್ಲ ಕೊನೆಗೆ. ಈ ಸಾಲನ್ನು ಹಿಂದುಮುಂದು ಮಾಡಬೇಡಿ.

## ಅಂಗಡಿಗೆ ಹೋಗುವಾಗ ಜೊತೆಗಿರಲಿ

ಸಣ್ಣ ಟೇಪ್ ಅಥವಾ ಸ್ಟೀಲ್ ಸ್ಕೇಲ್, ಒಂದು ಕಟಿಂಗ್ ಪ್ಲೇಯರ್, ದಪ್ಪ ರಟ್ಟಿನ ತುಂಡು. ಈಗಾಗಲೇ ಕಟರ್ ಬಳಸುತ್ತಿದ್ದರೆ ಅದರ ಹಳೇ ಬ್ಲೇಡನ್ನು ರಟ್ಟಿನ ನಡುವೆ ಇಟ್ಟು ಟೇಪ್ ಸುತ್ತಿ ತೆಗೆದುಕೊಂಡು ಹೋಗಿ. ಬಾಯಲ್ಲಿ ವಿವರಿಸುವುದಕ್ಕಿಂತ ಬ್ಲೇಡ್ ತೋರಿಸುವುದು ಸುಲಭ. ಕೆಲಸ ಮಾಡುವಾಗ ಕೈಗವಸು ಹಾಕುವವರಾದರೆ ಅದನ್ನೂ ಒಯ್ಯಿರಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

## 1. ಏನು ಕತ್ತರಿಸುತ್ತೀರಿ ಅಂತ ಬರೆದುಕೊಳ್ಳಿ

ಕಳೆದ ವಾರ ನಿಮ್ಮ ಕಟರ್ ಏನೇನು ಕತ್ತರಿಸಿತು ಅಂತ ನೆನಪು ಮಾಡಿಕೊಳ್ಳಿ. ಜಿಪ್ಸಮ್ ಬೋರ್ಡ್, ಕಾರ್ಪೆಟ್, ವಿನೈಲ್ ಫ್ಲೋರಿಂಗ್, ಫ್ಲೆಕ್ಸ್, ದಪ್ಪ ರಟ್ಟಿನ ಪೆಟ್ಟಿಗೆ, ಪ್ಲಾಸ್ಟಿಕ್ ಸ್ಟ್ರಾಪ್, ತೋಟದ 16 ಮಿ.ಮೀ. ಡ್ರಿಪ್ ಪೈಪು, ಶೇಡ್ ನೆಟ್. ನಿಮ್ಮ ಪಟ್ಟಿ ಹೀಗಿದ್ದರೆ ಮಡಚುವ ಯುಟಿಲಿಟಿ ಕಟರ್ ನಿಮಗೆ ಸರಿಯಾದ ಸಾಧನ.

ಸ್ಟಿಕ್ಕರ್, ವಾಲ್‌ಪೇಪರ್, ತೆಳು ಹಾಳೆ ಮಾತ್ರ ಇದ್ದರೆ 9 ಮಿ.ಮೀ. ಮುರಿಯುವ ಬ್ಲೇಡಿನ ಸಾದಾ ಕಟರ್ ಸಾಕು. ಅದು ತೆಳ್ಳಗಿರುತ್ತದೆ, ಗೆರೆ ನಾಜೂಕಾಗಿ ಬರುತ್ತದೆ. ದಪ್ಪ ಥರ್ಮಾಕೋಲ್, ಫೋಮ್ ಹಾಳೆ ಕತ್ತರಿಸುವವರಿಗೆ 18 ಅಥವಾ 25 ಮಿ.ಮೀ. ಅಗಲದ ಉದ್ದ ಬ್ಲೇಡ್ ಬೇಕು, ಯಾಕಂದರೆ ಮಡಚುವ ಕಟರಿನಲ್ಲಿ ಹೊರಗೆ ಕಾಣುವ ಅಂಚು ಸುಮಾರು 2.5ರಿಂದ 3 ಸೆಂ.ಮೀ. ಅಷ್ಟೇ. ಗೋಡೌನಿನಲ್ಲಿ ದಿನವಿಡೀ ಪೆಟ್ಟಿಗೆ ಬಿಚ್ಚುವುದೇ ಕೆಲಸವಾದರೆ ಕೈಬಿಟ್ಟ ಕೂಡಲೇ ಬ್ಲೇಡ್ ತಾನೇ ಒಳಗೆ ಹೋಗುವ ಸೇಫ್ಟಿ ಕಟರ್ ತೆಗೆದುಕೊಳ್ಳಿ. ದಿನಕ್ಕೆ ನೂರಾರು ಸಲ ಬಿಚ್ಚಿ ಮಡಚುವ ಕಡೆ ಒಂದಲ್ಲ ಒಂದು ಸಲ ಮಡಚುವುದು ಮರೆತೇ ಹೋಗುತ್ತದೆ.

ಇದಕ್ಕೆ ಹೇಳಿದ್ದಲ್ಲದ ಕೆಲಸಗಳೂ ಇವೆ. ಉಕ್ಕಿನ ಸ್ಟ್ರಾಪ್ ಕತ್ತರಿಸಲು ತಗಡು ಕತ್ತರಿ ಬೇಕು. ಗಿಡಕ್ಕೆ ಕಸಿ ಕಟ್ಟಲು ಕಸಿ ಚಾಕುವೇ ಆಗಬೇಕು. ತಿನ್ನುವ ಪದಾರ್ಥಕ್ಕಂತೂ ಬೇಡವೇ ಬೇಡ, ಹೊಸ ಬ್ಲೇಡಿನ ಮೇಲೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಸವರಿರುತ್ತಾರೆ. ಇನ್ನೊಂದನ್ನು ಒತ್ತಿ ಹೇಳಬೇಕು: ಹಿಡಿಗೆ ರಬ್ಬರ್ ಇದೆ ಅಂದ ಮಾತ್ರಕ್ಕೆ ಕರೆಂಟು ಹೊಡೆಯುವುದಿಲ್ಲ ಅಂತಲ್ಲ. ಕರೆಂಟು ಹರಿಯುವ ಕಡೆ ಬಳಸುವ ಸಾಧನದ ಮೇಲೆ 1000 ವೋಲ್ಟ್ ಅನ್ನುವ ಗುರುತು ಇರುತ್ತದೆ. ಈ ಕಟರುಗಳು ಅದಕ್ಕೆ ಮಾಡಿದ್ದಲ್ಲ. ಎಂಸಿಬಿ ಆಫ್ ಮಾಡದೆ ವೈರಿಗೆ ಇದನ್ನು ತಾಕಿಸಬೇಡಿ.

## 2. ಬ್ಲೇಡ್ ಆರಿಸಿ, ಹಿಡಿ ಇನ್ನೂ ನೋಡಬೇಡಿ

ನಿಮಗೆ ಬೇಕಾದ್ದು ಮೇಲೆ ಗಿಡ್ಡ, ಕೆಳಗೆ ಉದ್ದ, ಎರಡೂ ತುದಿ ಓರೆಯಾಗಿರುವ ಬ್ಲೇಡ್. ಹರಿತ ಇರುವುದು ಉದ್ದದ ಬದಿಗೆ. ಅಳತೆ ಸುಮಾರು 60 ಮಿ.ಮೀ. ಉದ್ದ, 19 ಮಿ.ಮೀ. ಅಗಲ, 0.6 ಮಿ.ಮೀ. ದಪ್ಪ. ಗಿಡ್ಡ ಬದಿಯಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ಕಚ್ಚು ಇರುತ್ತವೆ. ಕಟರಿನ ಒಳಗಿನ ಮೊಳೆ ಈ ಕಚ್ಚಿಗೆ ಕೂತು ಬ್ಲೇಡನ್ನು ಹಿಡಿದಿಡುತ್ತದೆ. ಬಹಳಷ್ಟು ಕಂಪನಿಗಳು ಇದೇ ಅಳತೆ ಪಾಲಿಸುವುದರಿಂದ ಒಬ್ಬರ ಬ್ಲೇಡ್ ಇನ್ನೊಬ್ಬರ ಹಿಡಿಗೆ ಕೂರುತ್ತದೆ. ಅದೇ ಇದರ ದೊಡ್ಡ ಅನುಕೂಲ.

ತೊಂದರೆ ಬರುವುದು ತೀರಾ ಪುಟ್ಟ ಕಟರುಗಳಲ್ಲಿ. ಕೀಚೈನ್‌ಗೆ ಹಾಕುವಷ್ಟು ಸಣ್ಣದು ಅಂತ ಮಾರುವ ಎಷ್ಟೋ ಮಾದರಿಗಳು ಆಪರೇಷನ್ ಬ್ಲೇಡ್ ಬಳಸುತ್ತವೆ, ಇಲ್ಲವೇ ಆ ಕಂಪನಿಯದೇ ಬೇರೆ ಆಕಾರದ ಬ್ಲೇಡ್ ಬೇಡುತ್ತವೆ. ಆಪರೇಷನ್ ಬ್ಲೇಡ್ ತುಂಬಾ ಹರಿತ ನಿಜ, ಆದರೆ ತೆಳು. ರಟ್ಟಿನಲ್ಲಿ ಸಿಕ್ಕಿಕೊಂಡಾಗ ಸ್ವಲ್ಪ ಓರೆ ಆದರೂ ಚಟ್ ಅಂತ ಮುರಿಯುತ್ತದೆ, ಚೂರು ಕಣ್ಣಿಗೆ ಹಾರಬಹುದು. ಪಾರ್ಸಲ್ ಬಿಚ್ಚೋಕೆ ಪರವಾಗಿಲ್ಲ. ಕೆಲಸದ ಜಾಗಕ್ಕೆ ಬೇಡ.

ಈಗ ನಿಮ್ಮ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಕಟರ್ ಕೇಳಬೇಡಿ, ಬ್ಲೇಡ್ ಕೇಳಿ. ಹಳೇ ಬ್ಲೇಡನ್ನು ಹೊಸದರ ಮೇಲಿಟ್ಟು ಎರಡರ ಕಚ್ಚು ಸರಿಯಾಗಿ ಒಂದರ ಮೇಲೊಂದು ಬರುತ್ತವೆಯೇ ನೋಡಿ. ಅಲ್ಲೇ ಸಿಕ್ಕಿದರೆ ಆ ಅಳತೆಯ ಯಾವ ಕಟರಾದರೂ ನಿಮಗೆ ಸಾಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವುದೆಲ್ಲ ತಾಲ್ಲೂಕು ಪೇಟೆಯಲ್ಲಿ ಸಿಗಬೇಕು ಅಂತೇನಿಲ್ಲ. ನಿಮ್ಮೂರಲ್ಲಿ 18 ಮಿ.ಮೀ. ಮುರಿಯುವ ಬ್ಲೇಡ್ ಮಾತ್ರ ಸಿಗುವುದಾದರೆ ಎರಡೇ ದಾರಿ. ಒಂದು, ಕಟರ್ ಜೊತೆಗೇ ಆರು ತಿಂಗಳಿಗೆ ಆಗುವಷ್ಟು ಬ್ಲೇಡ್ ತರಿಸಿಕೊಳ್ಳಿ. ಇಲ್ಲವಾದರೆ 18 ಮಿ.ಮೀ. ಕಟರನ್ನೇ ಕೊಳ್ಳಿ. ಬ್ಲೇಡ್ ಇಲ್ಲದ ಒಳ್ಳೆಯ ಹಿಡಿಗಿಂತ ಬ್ಲೇಡ್ ಸಿಗುವ ಸಾದಾ ಕಟರ್ ಎಷ್ಟೋ ಮೇಲು.

ಬ್ಲೇಡಿನ ಲೋಹದ ಬಗ್ಗೆ ಎರಡು ಮಾತು. ಕಾರ್ಬನ್ ಉಕ್ಕಿನದು ಅಗ್ಗ, ಚೆನ್ನಾಗಿ ಹರಿತ, ಆದರೆ ಬಾಗಿಸಿದರೆ ಮುರಿಯುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ಬೈಮೆಟಲ್ ಅಂತ ಬರೆದಿರುವುದರಲ್ಲಿ ಅಂಚಿಗೆ ಗಡಸು ಹೈಸ್ಪೀಡ್ ಉಕ್ಕು, ಬೆನ್ನಿಗೆ ಬಾಗುವ ಸ್ಪ್ರಿಂಗ್ ಉಕ್ಕು ಸೇರಿಸಿ ಬೆಸೆದಿರುತ್ತಾರೆ. ಬೆಲೆ ಜಾಸ್ತಿ, ಸುಲಭಕ್ಕೆ ಮುರಿಯುವುದಿಲ್ಲ. ಬಂಗಾರದ ಬಣ್ಣ ಇದ್ದರೆ ಅದು ಟೈಟಾನಿಯಂ ನೈಟ್ರೈಡ್ ಲೇಪ, ಬರೀ ಬಣ್ಣಕ್ಕೆ ಮಾರುಹೋಗಬೇಡಿ. ನನ್ನ ಪ್ರಕಾರ ಜಿಪ್ಸಮ್ ಕೆಲಸದವರು ಕಾರ್ಬನ್ ಬ್ಲೇಡನ್ನೇ ದೊಡ್ಡ ಪ್ಯಾಕಿನಲ್ಲಿ ಕೊಂಡು ಆಗಾಗ ಬದಲಿಸುವುದು ಒಳ್ಳೆಯದು, ಯಾಕಂದರೆ ಜಿಪ್ಸಮ್ ಎಂಥ ಅಂಚನ್ನೂ ಬೇಗ ತಿಂದುಹಾಕುತ್ತದೆ. ಕಾರ್ಪೆಟ್, ವಿನೈಲ್ ಹಾಸುವವರು, ಬ್ಲೇಡ್ ತಿರುಚುವ ಸಂದರ್ಭ ಹೆಚ್ಚಿರುವವರು ಬೈಮೆಟಲ್ ತಗೊಳ್ಳಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಪ್ಯಾಕ್ ಒಡೆದ ಮೇಲೆ ಉಳಿದ ಬ್ಲೇಡುಗಳನ್ನು ಜಿಪ್ ಕವರಿನಲ್ಲಿ ಹಾಕಿ, ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟಿಡಿ. ಉಪ್ಪುಗಾಳಿಗೆ ಮೊದಲು ಹೋಗುವುದು ಅಂಚು.

## 3. ಲಾಕ್ ಪರೀಕ್ಷೆ ಮಾಡಿ

ಇಲ್ಲಿ ಆತುರ ಬೇಡ. ಬೆರಳು ಉಳಿಯುವುದು ಈ ಹಂತದಲ್ಲೇ.

ಲಾಕ್ ಇಲ್ಲದೆ ಬರೀ ಸ್ಪ್ರಿಂಗ್ ಬಿಗಿಯಲ್ಲಿ ನಿಲ್ಲುವ ಕಟರುಗಳಿವೆ. ಅವನ್ನು ಕೆಲಸಕ್ಕೆ ತಗೋಬೇಡಿ. ಲಾಕ್ ಇರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಲೈನರ್ ಲಾಕಿನಲ್ಲಿ ಹಿಡಿಯೊಳಗಿನ ತೆಳು ಉಕ್ಕಿನ ಪಟ್ಟಿ ಪಕ್ಕಕ್ಕೆ ಸರಿದು ಬ್ಲೇಡ್ ಹೋಲ್ಡರಿನ (ಬ್ಲೇಡನ್ನು ಹಿಡಿದಿಟ್ಟು ಹಿಡಿಯೊಳಗೆ ಮಡಚುವ ಭಾಗ) ಹಿಂದೆ ಅಡ್ಡ ನಿಲ್ಲುತ್ತದೆ. ಮಡಚಲು ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು, ಆಗ ಹೆಬ್ಬೆರಳು ಬ್ಲೇಡ್ ಬರುವ ದಾರಿಯಲ್ಲೇ ಇರುತ್ತದೆ. ಬ್ಯಾಕ್ ಲಾಕಿನಲ್ಲಿ ಹಿಡಿಯ ಬೆನ್ನ ಮೇಲೆ ಒತ್ತುವ ಪಟ್ಟಿ ಇರುತ್ತದೆ, ಎಡಗೈ ಬಲಗೈ ಎರಡಕ್ಕೂ ಒಂದೇ. ಎಡಚರಿಗೆ ಸಾಮಾನ್ಯ ಲೈನರ್ ಲಾಕ್ ತ್ರಾಸು ಕೊಡುತ್ತದೆ, ಅದು ಬಲಗೈ ಹೆಬ್ಬೆರಳಿಗೆ ಅಂತಲೇ ಮಾಡಿದ್ದು. ಬಟನ್ ಲಾಕೂ ಉಂಟು. ಒತ್ತಿ ಹಿಡಿಯುವಾಗ ಬಟನ್ ನಿಮ್ಮ ಬೆರಳಿನ ಕೆಳಗೇ ಬರುತ್ತದೆಯೇ ಅಂತ ನೋಡಿಕೊಳ್ಳಿ. ಬಂದರೆ ಬಿಟ್ಟುಬಿಡಿ.

ಪರೀಕ್ಷೆ ಹೀಗೆ. ಮೊದಲು ಬ್ಲೇಡ್ ತೆಗೆಯಿರಿ. ಖಾಲಿ ಹೋಲ್ಡರನ್ನು ಪೂರ್ತಿ ಬಿಚ್ಚಿ, "ಟಕ್" ಅನ್ನುವ ಗಟ್ಟಿ ಸದ್ದು ಬರಬೇಕು. ಲೈನರ್ ಲಾಕ್ ಆಗಿದ್ದರೆ ಒಳಗೆ ಇಣುಕಿ ನೋಡಿ: ಉಕ್ಕಿನ ಪಟ್ಟಿ ಹೋಲ್ಡರಿನ ಹಿಂಬದಿಯನ್ನು ಎಷ್ಟು ಮುಟ್ಟಿದೆ? ತುದಿ ಮಾತ್ರ ಅಂಚಿಗೆ ತಾಗಿ ನಿಂತಿದ್ದರೆ ಅದು ಒತ್ತಡಕ್ಕೆ ಜಾರುತ್ತದೆ. ಪಟ್ಟಿಯ ದಪ್ಪ ಪೂರ್ತಿ ಹೋಲ್ಡರಿನ ಹಿಂದೆ ಬಂದು ಕೂತಿರಬೇಕು. ಈಗ ಕಟರನ್ನು ಮುಷ್ಟಿಯಲ್ಲಿ ಹಿಡಿದು, ಹೋಲ್ಡರಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ಮಡಚುವ ದಿಕ್ಕಿಗೆ ನಿಧಾನವಾಗಿ ಬಲ ಹಾಕಿ. ಬೆರಳುಗಳು ಹೋಲ್ಡರ್ ಮಡಚಿ ಕೂರುವ ಹಿಡಿಯ ಸೀಳಿನಿಂದ ದೂರ ಇರಲಿ. ಒತ್ತಿದಂತೆ ಪಟ್ಟಿ ಹಿಂದಕ್ಕೆ ಸರಿದರೆ, ಸದ್ದು ಮಾಡಿದರೆ, ಆ ಕಟರ್ ಬೇಡ. ಬೆನ್ನನ್ನು ಮೇಜಿಗೆ ಬಡಿದು ನೋಡುವ ಅಭ್ಯಾಸ ಕೆಲವರಿಗಿದೆ, ಅದರ ಅಗತ್ಯವಿಲ್ಲ. ಬಡಿದರೆ ಒಳ್ಳೆಯ ಲಾಕೂ ಹಾಳಾಗುತ್ತದೆ.

ಮಡಚಿದ ಸ್ಥಿತಿಯನ್ನೂ ನೋಡಿ. ತಲೆಕೆಳಗು ಮಾಡಿ ಕೊಡವಿದರೆ ತಾನೇ ಬಿಚ್ಚಿಕೊಳ್ಳಬಾರದು. ಜೇಬಿನಲ್ಲಿ ಅರ್ಧ ಬಿಚ್ಚಿದ ಕಟರಿಗೆ ಕೈ ಹಾಕುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

## 4. ಬ್ಲೇಡ್ ಅಲುಗುತ್ತದೆಯೇ ನೋಡಿ

ಬ್ಲೇಡ್ ಹಾಕಿ ಲಾಕ್ ಮಾಡಿ. ಪ್ಲೇಯರಿನಿಂದ ಬ್ಲೇಡಿನ ಬದಿಗಳನ್ನು ಹಿಡಿದು ಎಡಬಲ, ಮೇಲೆ ಕೆಳಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಾಟ ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಕಾಣುವಷ್ಟಿದ್ದರೆ ಗೆರೆ ಸೊಟ್ಟ ಬರುತ್ತದೆ, ಬ್ಲೇಡೂ ಬೇಗ ಮುರಿಯುತ್ತದೆ. ಅಲುಗಾಟ ಎಲ್ಲಿಂದ ಅಂತಲೂ ಗಮನಿಸಿ. ಹೋಲ್ಡರ್ ಸಮೇತ ಅಲುಗಿದರೆ ಕೀಲಿನ ಸ್ಕ್ರೂ ಸಡಿಲ ಇರಬಹುದು, ಬಿಗಿ ಮಾಡಿದರೆ ಸರಿಹೋದೀತು. ಹೋಲ್ಡರಿನೊಳಗೆ ಬ್ಲೇಡ್ ಮಾತ್ರ ಕುಣಿದರೆ ಅದಕ್ಕೆ ಮದ್ದಿಲ್ಲ.

ಆಮೇಲೆ ಬ್ಲೇಡನ್ನು ಮುಂದಕ್ಕೆ ಎಳೆಯಿರಿ, ಪ್ಲೇಯರಿನಿಂದಲೇ. ಬ್ಲೇಡ್ ಬಿಡಿಸುವ ಬಟನ್ ಒತ್ತದೆ ಹೊರಗೆ ಬಂದರೆ ಕಾರ್ಪೆಟ್ಟಿನಲ್ಲಿ ಸಿಕ್ಕಿಕೊಂಡಾಗಲೂ ಬರುತ್ತದೆ.

ಬದಲಿಸುವ ವ್ಯವಸ್ಥೆಯಲ್ಲಿ ಸ್ಕ್ರೂ ಇರುವುದು, ಬಟನ್ ಇರುವುದು ಅಂತ ಎರಡು. ಸ್ಕ್ರೂ ನಿಧಾನ, ಆದರೆ ಹಿಡಿತ ಗಟ್ಟಿ. ದಿನಕ್ಕೆ ಎರಡು ಮೂರು ಸಲ ಬದಲಿಸುವವರಿಗೆ ಬಟನ್ನೇ ಬೇಕು, ಏಣಿ ಮೇಲೆ ನಿಂತು ಸ್ಕ್ರೂ ಬೀಳಿಸಿಕೊಂಡರೆ ಹುಡುಕೋದು ಕಷ್ಟ. ಆ ಬಟನ್ ಕಟರ್ ಮಡಚಿದಾಗಲೂ ಒತ್ತುವ ಹಾಗೆ ಹೊರಗೆ ಚಾಚಿಕೊಂಡಿರಬಾರದು. ಹಿಡಿಯೊಳಗೆ ಹೆಚ್ಚುವರಿ ಬ್ಲೇಡ್ ಇಡುವ ಜಾಗ ಇದ್ದರೆ ಒಳ್ಳೆಯದೇ, ಆದರೆ ಅದರಿಂದ ಹಿಡಿ ದಪ್ಪ ಆಗುತ್ತದೆ.

## 5. ಅಳತೆ, ಹಿಡಿ, ಕ್ಲಿಪ್

ಮಡಚಿದಾಗ 9ರಿಂದ 11 ಸೆಂ.ಮೀ. ಇರುವುದು ಹೆಚ್ಚಿನವರ ಕೈಗೆ ಹೊಂದುತ್ತದೆ. ಅದಕ್ಕಿಂತ ಗಿಡ್ಡದ್ದು ಜೇಬಿಗೆ ಹಿತ, ಕೈಗೆ ಹಿತವಲ್ಲ: ಕಿರುಬೆರಳಿಗೆ ಜಾಗ ಇರುವುದಿಲ್ಲ, ಒತ್ತಿದಾಗ ಹಿಡಿಯ ತುದಿ ಅಂಗೈಗೆ ನಾಟುತ್ತದೆ. ನಾಲ್ಕೂ ಬೆರಳು ಹಿಡಿಯ ಮೇಲೆ ಕೂರಬೇಕು, ತೋರುಬೆರಳು ಬ್ಲೇಡಿನ ಕಡೆಗೆ ಜಾರದಂತೆ ಮುಂದೆ ಒಂದು ಉಬ್ಬು ಇರಬೇಕು. ಕೈಗವಸು ತನ್ನಿ ಅಂದಿದ್ದು ಇದಕ್ಕೇ. ಗವಸು ಹಾಕಿಕೊಂಡು ಒಂದೇ ಕೈಯಲ್ಲಿ ಬಿಚ್ಚಿ, ಮಡಚಿ ನೋಡಿ. ಬರಿಗೈಗೆ ಸಲೀಸಾದ ಲಾಕ್ ಗವಸಿನಲ್ಲಿ ಕೈಗೇ ಸಿಗದಿರಬಹುದು.

ಪೂರ್ತಿ ನುಣುಪಾದ ಲೋಹದ ಹಿಡಿ ಬೆವರಿದ ಕೈಯಲ್ಲಿ ಜಾರುತ್ತದೆ. ಬೇಸಿಗೆಯಲ್ಲಿ ಕಲಬುರಗಿಯಲ್ಲೋ ರಾಯಚೂರಲ್ಲೋ ಸೈಟಿನಲ್ಲಿ ನಿಲ್ಲುವವರಿಗೆ ಇದು ಸಣ್ಣ ವಿಷಯ ಅಲ್ಲ. ಗೆರೆ ಕೊರೆದ ಹಿಡಿ ಅಥವಾ ರಬ್ಬರ್ ತುಂಡು ಕೂರಿಸಿದ ಹಿಡಿ ನೋಡಿ. ಢಾಳಾದ ಹಳದಿ, ಕಿತ್ತಳೆ ಬಣ್ಣವಾದರೆ ಕಸದ ನಡುವೆ ಬಿದ್ದರೂ ಕಾಣುತ್ತದೆ.

ಕ್ಲಿಪ್ಪನ್ನು ನಿಮ್ಮ ಪ್ಯಾಂಟಿಗೇ ಸಿಕ್ಕಿಸಿ, ಕೂತು, ಬಗ್ಗಿ ನೋಡಿ.

## 6. ಮೊದಲ ಸಲ ಬ್ಲೇಡ್ ಬದಲಿಸುವ ಕ್ರಮ

ಪಾರ್ಸಲ್‌ನಲ್ಲಿ ಬಂದದ್ದಾದರೆ ಮೇಲಿನ ಲಾಕ್ ಪರೀಕ್ಷೆ ಎಲ್ಲ ವಾಪಸ್ ಮಾಡುವ ಗಡುವಿನೊಳಗೇ ಮಾಡಿ ಮುಗಿಸಿ. ಆಮೇಲೆ ಬ್ಲೇಡ್ ಬದಲಿಸಿ ಅಭ್ಯಾಸ ಮಾಡಿಕೊಳ್ಳಿ.

ಮೇಜಿನ ಮೇಲಿಟ್ಟು ಮಾಡಿ, ತೊಡೆಯ ಮೇಲಿಟ್ಟುಕೊಂಡಲ್ಲ. ಮೊದಲು ಕಟರನ್ನು ಪೂರ್ತಿ ಬಿಚ್ಚಿ ಲಾಕ್ ಆಗಿದೆಯೇ ನೋಡಿ. ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಬಟನ್ ಒತ್ತುವುದೇ ಎಲ್ಲರೂ ಮಾಡುವ ತಪ್ಪು. ಮೊನೆಯನ್ನು ನಿಮ್ಮಿಂದ ಆಚೆ ತಿರುಗಿಸಿ. ಬಟನ್ ಒತ್ತಿ, ಬ್ಲೇಡಿನ ಬೆನ್ನನ್ನು ಪ್ಲೇಯರಿನಿಂದ ಹಿಡಿದು ನೇರ ಎಳೆಯಿರಿ. ಹೋಲ್ಡರಿನೊಳಗೆ ಸೇರಿದ ಧೂಳು, ಟೇಪಿನ ಅಂಟು ತೆಗೆಯಲು ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಅಂಟು ಉಳಿದರೆ ಹೊಸ ಬ್ಲೇಡ್ ಪೂರ್ತಿ ಒಳಗೆ ಹೋಗುವುದಿಲ್ಲ, ಹೋದಂತೆ ಕಾಣುತ್ತದೆ ಅಷ್ಟೇ.

ಇನ್ನೊಂದು ತುದಿ ಹರಿತ ಇದ್ದರೆ ಅದೇ ಬ್ಲೇಡನ್ನು ತಿರುಗಿಸಿ ಹಾಕಿ. ಎಷ್ಟೋ ಜನ ಇದನ್ನು ಮಾಡದೆ ಅರ್ಧ ಬ್ಲೇಡ್ ದಂಡ ಮಾಡುತ್ತಾರೆ. ಹೊಸದಾದರೆ ಹರಿತದ ಬದಿ ಕೆಳಗೆ, ಕಚ್ಚು ಮೇಲೆ. ತಳ್ಳಿದಾಗ ಕಚ್ಚಿಗೆ ಮೊಳೆ ಬಿದ್ದ ಸದ್ದು ಕೇಳಬೇಕು. ಬಟನ್ ಬಿಟ್ಟು ಪ್ಲೇಯರಿನಿಂದ ಮತ್ತೆ ಎಳೆದು ನೋಡಿ. ಬರಲಿಲ್ಲ ತಾನೆ? ಈಗ ನಿಧಾನಕ್ಕೆ ಮಡಚಿ, ಮೊನೆ ಪೂರ್ತಿ ಹಿಡಿಯೊಳಗೆ ಮುಚ್ಚಿಕೊಳ್ಳುತ್ತದೆಯೇ ಅಂತ ಬದಿಯಿಂದ ನೋಡಿ. ಕೊಕ್ಕೆ ಬ್ಲೇಡ್ ಹಾಕುವವರು ಇದನ್ನು ಮರೆಯಲೇಬಾರದು, ಅದರ ಕೊಕ್ಕೆ ಕೆಲವು ಹಿಡಿಗಳಿಂದ ಹೊರಗೆ ಇಣುಕುತ್ತದೆ.

## 7. ಕತ್ತರಿಸುವಾಗ ಆಗುವ ತಪ್ಪುಗಳು

ಒಂದೇ ಏಟಿಗೆ ಕತ್ತರಿಸುವ ಹಟವೇ ಮೊದಲ ತಪ್ಪು. ಹಗುರವಾಗಿ ಮೂರು ನಾಲ್ಕು ಸಲ ಎಳೆಯಿರಿ. ಮೊದಲ ಗೆರೆ ದಾರಿ ಮಾಡಿಕೊಡುತ್ತದೆ, ಉಳಿದವು ಆಳಕ್ಕೆ ಹೋಗುತ್ತವೆ. 12.5 ಮಿ.ಮೀ. ಜಿಪ್ಸಮ್ ಬೋರ್ಡನ್ನು ಪೂರ್ತಿ ಕೊಯ್ಯುವ ಕೆಲಸವೇ ಇಲ್ಲ: ಮುಂಬದಿಯ ಕಾಗದ ಮತ್ತು ಸ್ವಲ್ಪ ಜಿಪ್ಸಮ್ ಗೀರಿ, ಹಿಂದಕ್ಕೆ ಬಾಗಿಸಿ ಮುರಿಯಿರಿ, ಆಮೇಲೆ ಹಿಂಬದಿಯ ಕಾಗದ ಕತ್ತರಿಸಿ.

ಎರಡನೆಯದು ಪ್ಲಾಸ್ಟಿಕ್ ಸ್ಕೇಲ್. ಬ್ಲೇಡ್ ಅದನ್ನು ಕೊರೆದುಕೊಂಡು ಮೇಲೆ ಹತ್ತಿ ನೇರ ಬೆರಳಿಗೆ ಬರುತ್ತದೆ. ಅಲ್ಯೂಮಿನಿಯಂ ಪಟ್ಟಿ ಅಥವಾ ದಪ್ಪ ಸ್ಟೀಲ್ ಸ್ಕೇಲ್ ಇಡಿ. ಸ್ಕೇಲ್ ಹಿಡಿದ ಕೈ ಯಾವಾಗಲೂ ಬ್ಲೇಡ್ ಸಾಗುವ ದಾರಿಯ ಹಿಂದೆ ಅಥವಾ ಪಕ್ಕದಲ್ಲಿರಲಿ, ಮುಂದೆ ಅಲ್ಲ. ಪೈಪನ್ನೋ ಹಗ್ಗವನ್ನೋ ಒಂದು ಕೈಯಲ್ಲಿ ಗಾಳಿಯಲ್ಲಿ ಹಿಡಿದು ತನ್ನ ಕಡೆಗೆ ಎಳೆದು ಕತ್ತರಿಸುವುದನ್ನು ಸೈಟಿನಲ್ಲಿ ದಿನಾ ನೋಡುತ್ತೇವೆ, ಅಲ್ವಾ? ತಟ್ಟನೆ ತುಂಡಾದಾಗ ಕೈಯ ಬಲ ಎಲ್ಲ ತೊಡೆಗೆ ಬರುತ್ತದೆ.

ಪೆಟ್ಟಿಗೆ ಬಿಚ್ಚುವಾಗ ಬ್ಲೇಡನ್ನು ಚುಚ್ಚಬೇಡಿ. ಮಲಗಿಸಿದ ಹಾಗೆ ಹಿಡಿದು ಮೊನೆಯಿಂದ ಟೇಪ್ ಮಾತ್ರ ಸೀಳಿ. ಬ್ಲೇಡಿನಿಂದ ಡಬ್ಬದ ಮುಚ್ಚಳ ಎಬ್ಬಿಸುವುದು, ಸ್ಕ್ರೂ ತಿರುಗಿಸುವುದು ಬೇಡ. ವೈರಿನ ಪ್ಲಾಸ್ಟಿಕ್ ಸುಲಿಯಲು ವೈರ್ ಸ್ಟ್ರಿಪ್ಪರ್ ಬಳಸಿ. ಕಟರ್ ತಾಮ್ರದ ಎಳೆಯನ್ನೂ ಗೀರುತ್ತದೆ, ಗೀರಿದ ಕಡೆ ವೈರು ಆಮೇಲೆ ತುಂಡಾಗುತ್ತದೆ.

ಕಟರ್ ಹಿಡಿಯದ ಕೈಗೆ ಗವಸು ಹಾಕಿ. ಇಎನ್ 388 (ಕೈಗವಸುಗಳ ಯುರೋಪಿನ ಮಾನದಂಡ) ಗುರುತಿನ ಗವಸಿನ ಮೇಲೆ ಎ ಇಂದ ಎಫ್ ವರೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಎಫ್ ಕಡೆಗೆ ಹೋದಷ್ಟೂ ಕೊಯ್ತ ತಡೆಯುವ ಶಕ್ತಿ ಜಾಸ್ತಿ. ಆದರೆ ಹೆಣೆದ ಗವಸಿನೊಳಗೆ ಮೊನೆ ತೂರಬಲ್ಲದು, ಗವಸಿದೆ ಅಂತ ಧೈರ್ಯ ಮಾಡಬೇಡಿ.

## 8. ಜೇಬಿನಲ್ಲಿಟ್ಟು ಓಡಾಡುವಾಗ

2016ರ ಆಯುಧ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇದ್ದು, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆ ಮಾಡಿದ್ದಲ್ಲದ ಚಾಕುಗಳು ಆಯುಧದ ಪಟ್ಟಿಗೆ ಬರುತ್ತವೆ. ಈ ಕಟರ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಊರಲ್ಲಿ ನಿಷೇಧಾಜ್ಞೆ ಇದ್ದಾಗ, ಜಾತ್ರೆ ಮೆರವಣಿಗೆಯ ಗುಂಪಿನಲ್ಲಿ ಇದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಮೆಟ್ರೋ ತಪಾಸಣೆಯಲ್ಲಿ ತಡೆಯಬಹುದು. ವಿಮಾನದಲ್ಲಿ ಕೈಚೀಲಕ್ಕೆ ಬಿಡುವುದಿಲ್ಲ, ಚೆಕ್-ಇನ್ ಸಾಮಾನಿನಲ್ಲಿ ಹಾಕಿ, ಒಳಗೆ ಅಂಟಿದ ಒಂದು ಬ್ಲೇಡೂ ಕೈಚೀಲದಲ್ಲಿ ಉಳಿಯದಂತೆ ನೋಡಿಕೊಳ್ಳಿ. ಬ್ರಿಟನ್‌ನಲ್ಲಿ ಕೆಲಸ ಮಾಡುವ ಕನ್ನಡಿಗರು ಇದನ್ನು ಗಮನಿಸಬೇಕು: ಅಲ್ಲಿ 3 ಇಂಚಿನೊಳಗಿನ, ಲಾಕ್ ಆಗದ ಮಡಚುವ ಚಾಕುವಿಗೆ ಮಾತ್ರ ರಿಯಾಯಿತಿ ಇದೆ. ಲಾಕ್ ಆಗುವುದನ್ನು ಹೊರಗೆ ಒಯ್ಯಲು ಕೆಲಸದಂಥ ಸರಿಯಾದ ಕಾರಣ ಬೇಕು, ಹಾಗಾಗಿ ಕೆಲಸ ಮುಗಿದ ಮೇಲೆ ಟೂಲ್ ಬಾಕ್ಸಿಗೆ ಹೋಗಲಿ.

## 9. ಎಚ್ಚರಿಕೆಯ ಗುರುತುಗಳು

ಮೊದಲಿಗಿಂತ ಜಾಸ್ತಿ ಒತ್ತಬೇಕಾಗುತ್ತಿದೆ, ರಟ್ಟಿನ ಅಂಚು ನುಣುಪಾಗಿ ಬರದೆ ಹರಿದಂತೆ ಬರುತ್ತಿದೆ ಅಂದರೆ ಬ್ಲೇಡ್ ಮುಗಿಯಿತು. ಅಂಚನ್ನು ಬೆಳಕಿಗೆ ಹಿಡಿಯಿರಿ. ಹರಿತದ ಅಂಚು ಬೆಳಕಿಗೆ ಹೊಳೆಯುವುದಿಲ್ಲ, ಮೊಂಡಾದ ಕಡೆ ಬಿಳಿ ಗೆರೆ ಮಿನುಗುತ್ತದೆ. ಮೊಂಡು ಬ್ಲೇಡನ್ನು ಇನ್ನೂ ಎರಡು ದಿನ ಎಳೆಯುವ ಆಸೆ ಬೇಡ, ಗಾಯ ಆಗುವುದು ಒತ್ತಿ ಜಾರಿದಾಗಲೇ.

ಲಾಕಿನ ಸದ್ದು ಮೆತ್ತಗಾಗಿದೆ, ಲೈನರ್ ಪಟ್ಟಿ ಹೋಲ್ಡರಿನ ಹಿಂಬದಿ ದಾಟಿ ಎದುರು ಗೋಡೆಗೇ ತಾಗುತ್ತಿದೆ, ಬಿಗಿ ಮಾಡಿದ ಕೀಲಿನ ಸ್ಕ್ರೂ ವಾರದಲ್ಲಿ ಮತ್ತೆ ಸಡಿಲ ಆಗುತ್ತಿದೆ. ಇವುಗಳಲ್ಲಿ ಮೊದಲಿನ ಎರಡು ಕಂಡರೆ ಹಿಡಿ ಬದಲಿಸಿ. ಒಮ್ಮೆ ಜಾರಿದ ಲಾಕ್ ಮತ್ತೆ ಜಾರುತ್ತದೆ. ಸ್ಕ್ರೂ ಒಂದೇ ಸಮಸ್ಯೆಯಾದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು) ಒಂದು ಹನಿ ಹಚ್ಚಿ ನೋಡಬಹುದು.

ಕೈ ಕುಯ್ದರೆ ಹರಿಯುವ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ರಕ್ತ ಚಿಮ್ಮುತ್ತಿದ್ದರೆ ತೊಳೆಯುತ್ತಾ ಕೂರದೆ ಮೊದಲು ಒತ್ತಿ. ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ, ಮಡಚಲು ಬರದಿದ್ದರೆ ನರವೋ ಸ್ನಾಯುವಿನ ಹುರಿಯೋ ತುಂಡಾಗಿರಬಹುದು, ಗಾಯ ಸಣ್ಣದಾಗಿ ಕಂಡರೂ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕೇ ಅಂತಲೂ ಅಲ್ಲಿ ಕೇಳಿ.

## 10. ಹಳೇ ಬ್ಲೇಡ್ ಎಲ್ಲಿ ಹಾಕಬೇಕು

ಕಸದ ಬುಟ್ಟಿಗೆ ಹಾಗೇ ಎಸೆಯಬೇಡಿ. ಕಸ ಬೇರ್ಪಡಿಸುವ ಪೌರಕಾರ್ಮಿಕರು ಕವರಿನೊಳಗೆ ಕೈ ಹಾಕಿಯೇ ವಿಂಗಡಿಸುತ್ತಾರೆ. ಮುಚ್ಚಳ ಇರುವ ಒಂದು ತಗಡಿನ ಡಬ್ಬ ತಗೊಂಡು ಮುಚ್ಚಳಕ್ಕೆ ಬ್ಲೇಡ್ ತೂರುವಷ್ಟು ಸೀಳು ಮಾಡಿ, ಹೊರಗೆ ದೊಡ್ಡದಾಗಿ "ಬ್ಲೇಡ್" ಅಂತ ಬರೆದು ಕೆಲಸದ ಜಾಗದಲ್ಲೇ ಇಡಿ. ಮುರಿದ ಚೂರುಗಳೂ ಅದರೊಳಗೇ ಹೋಗಲಿ. ತುಂಬಿದ ಮೇಲೆ ಸೀಳಿಗೂ ಮುಚ್ಚಳಕ್ಕೂ ಗಟ್ಟಿಯಾಗಿ ಟೇಪ್ ಸುತ್ತಿ, ಒಳಗೆ ಏನಿದೆ ಅಂತ ಬಾಯಿಬಿಟ್ಟು ಹೇಳಿ ಗುಜರಿಯವರಿಗೆ ಕೊಡಿ.